ಸೀದ ವಾಸನೆ, ಏರುವ ಮುಳ್ಳು: ಹಳೆಯ ಕಾರಿನ ಎರಡು ದೂರುಗಳನ್ನು ಬಿಡಿಸಿ ನೋಡುವ ಬಗೆ

ಹದಿನೈದು ವರ್ಷ ದಾಟಿದ ಮೇಲೆ ಆರ್‌ಟಿಒದಲ್ಲಿ ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡುತ್ತಿರುವ ಕಾರುಗಳು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ. ಆದರೂ ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಕವರ್ ಹೊದ್ದು ನಿಂತ ಒಂದೆರಡಾದರೂ ಕಣ್ಣಿಗೆ ಬೀಳುತ್ತವೆ. ಇಂಥ ಕಾರುಗಳ ಮಾಲೀಕರು ಗ್ಯಾರೇಜಿನಲ್ಲಿ ಹೇಳುವ ದೂರು ಬಹುಮಟ್ಟಿಗೆ ಒಂದೇ ಮಾತಿನಲ್ಲಿರುತ್ತದೆ: “ಏನೋ ಸೀದ ವಾಸನೆ ಬರ್ತಿದೆ, ಗಾಡಿ ಹೀಟೂ ಆಗ್ತಿದೆ.” ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಅದು ಒಂದೇ ದೋಷವೆಂದು ಮಾಲೀಕರೂ ನಂಬುತ್ತಾರೆ, ಮೆಕ್ಯಾನಿಕ್ಕೂ ನಂಬುತ್ತಾನೆ. ಹೊಸ ರೇಡಿಯೇಟರ್ ಬಂದು ಕೂರುತ್ತದೆ, ವಾಸನೆ ಹೋಗುವುದಿಲ್ಲ. ಇಲ್ಲವೇ ಆಯಿಲ್ ಸೋರುವ ಪ್ಯಾಕಿಂಗ್ ಬದಲಾಗುತ್ತದೆ, ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಮತ್ತೆ ಕೆಂಪು ಗೆರೆಯತ್ತ ಏರುತ್ತದೆ. ವಾಸನೆಯೂ ಬಿಸಿಯೂ ಒಂದೇ ಮೂಲದಿಂದ ಹುಟ್ಟಿರಬಹುದು, ಬೇರೆ ಬೇರೆ ಮೂಲಗಳಿಂದಲೂ ಹುಟ್ಟಿರಬಹುದು. ಯಾವ ಭಾಗವನ್ನೂ ಬಿಚ್ಚುವ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದೇ.

ವಾಸನೆ ಬಂದಾಗ ಮುಳ್ಳು ಎಲ್ಲಿತ್ತು, ಕಾರು ನಿಂತಿತ್ತೋ ಓಡುತ್ತಿತ್ತೋ, ಎಸಿ ಹಾಕಿತ್ತೋ ಇಲ್ಲವೋ, ರಸ್ತೆ ಏರುದಾರಿಯಾಗಿತ್ತೋ ಸಮತಟ್ಟಾಗಿತ್ತೋ, ಇಂಜಿನ್ ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂಬಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಪತ್ತೆ ಮುಗಿದಂತೆ. ಮುಳ್ಳು ನಡುವಿನಲ್ಲೇ ನಿಂತಿದ್ದಾಗಲೂ ವಾಸನೆ ಬರುವುದಾದರೆ ಅದಕ್ಕೆ ಕಾರಣವನ್ನು ಇಂಜಿನ್ನಿನ ಅತಿಬಿಸಿಯಲ್ಲಿ ಹುಡುಕಬೇಕಾಗಿಲ್ಲ. ಮುಳ್ಳು ಏರಿದ ಬಳಿಕವೇ ಪ್ರತಿ ಸಲವೂ ವಾಸನೆ ಏಳುವುದಾದರೆ ಎರಡಕ್ಕೂ ನಂಟಿದೆಯೆಂದು ಊಹಿಸಬಹುದು.

ಒಂದು ವಾಸನೆಗೆ ಮಾತ್ರ ಈ ತಾಳ್ಮೆ ಸಲ್ಲದು. ವೈರಿನ ಹೊದಿಕೆಯೋ ಪ್ಲಾಸ್ಟಿಕ್ಕೋ ಸುಡುವ, ಗಂಟಲಿಗೆ ಹತ್ತುವ ಘಾಟು ಡ್ಯಾಶ್‌ಬೋರ್ಡಿನ ಅಡಿಯಿಂದಾಗಲಿ ಬಾನೆಟ್ಟಿನಿಂದಾಗಲಿ ಬಂದರೆ ಕೂಡಲೇ ಬದಿಗೆ ನಿಲ್ಲಿಸಿ, ಇಗ್ನಿಷನ್ ಆರಿಸಿ, ಎಲ್ಲರನ್ನೂ ಕೆಳಗಿಳಿಸಬೇಕು. ಹೊಗೆ ಕಾಣದಿದ್ದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬಹುದು. ಬಾನೆಟ್ಟಿನ ಅಂಚಿನಿಂದ ಹೊಗೆ ಏಳುತ್ತಿದ್ದರೆ ಅದನ್ನು ಪೂರ್ತಿ ಎತ್ತಬಾರದು, ಏಕೆಂದರೆ ಒಳನುಗ್ಗುವ ಗಾಳಿ ಕಿಡಿಯನ್ನು ಬೆಂಕಿಯಾಗಿಸುತ್ತದೆ. ದೂರ ಸರಿದು 112ಕ್ಕೆ ಕರೆ ಮಾಡುವುದೇ ಸರಿ.

ಹಳೆಯ ಕಾರುಗಳ ವೈರಿಂಗ್ ತಾನಾಗಿ ಕೆಡುವುದಕ್ಕಿಂತ ಸೇರಿಸಿದ ವಸ್ತುಗಳಿಂದ ಕೆಡುವುದೇ ಹೆಚ್ಚೆಂಬುದು ನನ್ನ ಅಭಿಪ್ರಾಯ. ಹೆಡ್‌ಲೈಟಿಗೆ ಕಂಪನಿ ಕೊಟ್ಟ 60/55 ವ್ಯಾಟ್ ಬಲ್ಬುಗಳ ಜಾಗದಲ್ಲಿ 100/90 ವ್ಯಾಟ್ ಬಲ್ಬುಗಳನ್ನು ರಿಲೇ (ಸ್ವಿಚ್ಚಿನ ಬದಲು ಹೆಚ್ಚಿನ ಕರೆಂಟನ್ನು ತಾನು ಹೊರುವ ಸಾಧನ) ಇಲ್ಲದೆ ಹಾಕಿಸಿದ ಸಂದರ್ಭವನ್ನೇ ನೋಡಬಹುದು. ಹೈ ಬೀಮಿನಲ್ಲಿ ಎರಡೂ ದೀಪಗಳಿಗೆ ಮೊದಲು 12 ವೋಲ್ಟಿನಲ್ಲಿ 10 ಆಂಪಿಯರ್ ಸಾಕಾಗುತ್ತಿತ್ತು; ಈಗ 16ಕ್ಕೂ ಮೀರಿ ಹರಿಯುತ್ತದೆ. ವೈರಿನಲ್ಲಿ ಹುಟ್ಟುವ ಶಾಖವು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ತೆಳು ವೈರು, ಅದೇ ಸ್ವಿಚ್ಚು ಸುಮಾರು ಎರಡೂಮುಕ್ಕಾಲು ಪಟ್ಟು ಬಿಸಿಯನ್ನು ತಾಳಬೇಕಾಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅದಕ್ಕೆ ತಂತಿ ಸುತ್ತಿದ್ದರಂತೂ ಸುಡಲು ಉಳಿಯುವುದು ವೈರಿಂಗ್ ಮಾತ್ರ. ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದ್ದು, ಎಸಿ ಕಿಂಡಿಯಿಂದ ಸುಟ್ಟ ವಾಸನೆ ಬರುತ್ತಿದ್ದರೆ ಬ್ಲೋವರಿನ ವೇಗ ತಗ್ಗಿಸುವ ರೆಸಿಸ್ಟರ್ ನೋಡಬೇಕು; ಮರದಡಿ ನಿಲ್ಲುವ ಕಾರುಗಳಲ್ಲಿ ವೈಪರಿನ ಕೆಳಗಿನ ಜಾಲರಿಯಿಂದ ಒಳಸೇರಿದ ಒಣ ಎಲೆ ಅದರ ಮೇಲೆ ಕೂತಿರುವುದೂ ಉಂಟು. ವಾರಗಟ್ಟಲೆ ನಿಂತ ಕಾರಾದರೆ ಇಲಿ ಕಡಿದ ವೈರು, ಇಂಜಿನ್ ಮೇಲೆ ಅದು ಕಟ್ಟಿದ ಗೂಡು, ಇವೆರಡನ್ನೂ ಟಾರ್ಚ್ ಹಿಡಿದು ಹುಡುಕಬೇಕು.

ಉಳಿದ ವಾಸನೆಗಳಲ್ಲಿ ಅತಿ ಸಾಮಾನ್ಯವಾದದ್ದು ಸುಟ್ಟ ಇಂಜಿನ್ ಆಯಿಲಿನದು. ಇಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗ್ ವರ್ಷಗಳ ಬಿಸಿಗೆ ಗಟ್ಟಿಯಾಗಿ ಸೆಡೆತುಕೊಳ್ಳುತ್ತದೆ. ಅದರ ಅಂಚಿನಿಂದ ಜಿನುಗಿದ ಆಯಿಲ್ ಸೈಲೆನ್ಸರಿನ ಮೊದಲ ಭಾಗವಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಇಳಿದು ಹೊಗೆಯಾಗುತ್ತದೆ. ಕಾರು ಓಡುವಾಗ ಆ ಹೊಗೆ ಗಾಳಿಯಲ್ಲಿ ಹಿಂದಕ್ಕೆ ಹೋಗಿಬಿಡುತ್ತದೆ, ಸಿಗ್ನಲ್ಲಿನಲ್ಲಿ ನಿಂತೊಡನೆ ಎಸಿ ಕಿಂಡಿಯಿಂದ ಒಳಬರುತ್ತದೆ. ನಿಂತಾಗ ಮಾತ್ರ ವಾಸನೆ, ಮುಳ್ಳು ಮಾತ್ರ ಅಲುಗದೆ ನಡುವಿನಲ್ಲಿ: ಈ ಜೋಡಿ ಲಕ್ಷಣ ಕಂಡರೆ ಮೊದಲು ನೋಡಬೇಕಾದದ್ದು ಟ್ಯಾಪೆಟ್ ಕವರಿನ ಕೆಳಗಂಚು. ತಣ್ಣಗಾದ ಇಂಜಿನ್ನಿನಲ್ಲಿ ಆ ಅಂಚಿನುದ್ದಕ್ಕೂ ಬಿಳಿ ಬಟ್ಟೆ ಒತ್ತಿ ಎಳೆದರೆ ಒದ್ದೆ ಇರುವ ಕಡೆ ಕಪ್ಪು ಕಲೆ ಹತ್ತುತ್ತದೆ. ಬರಿಯ ಧೂಳು ಹತ್ತಿದರೆ ಆ ಕಡೆ ಸೋರಿಕೆ ಇಲ್ಲ. ದೋಷ ಸಿಕ್ಕರೆ ಖರ್ಚು ಅಲ್ಪ, ಕೆಲಸವೂ ಸಣ್ಣದು. ಬೋಲ್ಟುಗಳನ್ನು ಬಿಗಿ ಮಾಡಿ ಸೋರಿಕೆ ನಿಲ್ಲಿಸಲು ಹೊರಟರೆ ಕವರೇ ಬಾಗಿ ಸೋರಿಕೆ ಹೆಚ್ಚುತ್ತದೆ, ಆದ್ದರಿಂದ ಪ್ಯಾಕಿಂಗನ್ನೇ ಬದಲಿಸಬೇಕು.

ಕ್ಲಚ್ ಪ್ಲೇಟಿನ ವಾಸನೆ ಒಣ ಘಾಟಿನದು, ಬ್ರೇಕ್ ಲೈನಿಂಗ್ ಸುಟ್ಟಂಥದು. ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲೋ ಸಿಲ್ಕ್ ಬೋರ್ಡಿನ ಸಾಲಿನಲ್ಲೋ ಅಡಿ ಅಡಿಯಾಗಿ ಮುಂದೆ ಸರಿಯುತ್ತ, ಹ್ಯಾಂಡ್‌ಬ್ರೇಕ್ ಎಳೆಯದೆ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಹಿಡಿದು ನಿಲ್ಲಿಸಿದವರಿಗೆ ಇದು ಪರಿಚಿತ. ಎರಡು ದೂರುಗಳನ್ನು ಒಂದೆಂದು ಎಣಿಸುವ ತಪ್ಪು ಅತಿ ಸುಲಭವಾಗಿ ಆಗುವುದೂ ಇಲ್ಲಿಯೇ. ಅಂಥ ಏರಿನಲ್ಲಿ ಕ್ಲಚ್ ಜಾರಿ ವಾಸನೆ ಏಳುತ್ತಿರುವ ಹೊತ್ತಿಗೇ ರೇಡಿಯೇಟರಿಗೆ ಎದುರುಗಾಳಿ ಸಿಗದೆ, ಎಸಿಯೂ ಚಾಲೂ ಇದ್ದು, ಮುಳ್ಳು ಕೂಡ ಏರುತ್ತದೆ. ಜಾಗ ಒಂದೇ, ಹೊತ್ತು ಒಂದೇ, ದೋಷ ಮಾತ್ರ ಎರಡು. ಬಿಡಿಸಿ ನೋಡಲು ಖಾಲಿ ಸಮತಟ್ಟು ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ಸುಮಾರು 40 ಕಿಲೋಮೀಟರ್ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಸದ್ದೂ ವೇಗವೂ ಒಟ್ಟಿಗೆ ಏರಿದರೆ ಪ್ಲೇಟಿನಲ್ಲಿ ಇನ್ನೂ ಜೀವವಿದೆ, ತಿದ್ದಿಕೊಳ್ಳಬೇಕಾದದ್ದು ಎಡಗಾಲಿನ ಅಭ್ಯಾಸ.

ಬ್ರೇಕಿನ ವಾಸನೆಯಾದರೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿರುತ್ತದೆ. ಮುಟ್ಟದೆ, ಅಂಗೈಯ ಹಿಂಭಾಗವನ್ನು ನಾಲ್ಕೂ ಚಕ್ರಗಳ ಹತ್ತಿರ ಒಯ್ದು ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ. ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿರಬಹುದು, ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹಿಂದಕ್ಕೆ ಸರಿಯದಿರಬಹುದು. ಫ್ಯಾನ್ ಬೆಲ್ಟಿನ ರಬ್ಬರ್ ವಾಸನೆಯ ಜೊತೆ ಸಾಮಾನ್ಯವಾಗಿ ಕಿರುಗುಟ್ಟುವ ಸದ್ದೂ ಇರುವುದರಿಂದ ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುವ ಕಾರುಗಳಲ್ಲಿ ವಾಸನೆಗೂ ಬಿಸಿಗೂ ನಿಜವಾಗಿಯೇ ಒಂದೇ ಕಾರಣ ಇರುತ್ತದೆ.

ವಾಸನೆ ಮತ್ತು ಬಿಸಿ ಕೂಡುವ ಇನ್ನೊಂದು ಜಾಗ ಇಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲೆಂಟ್. ಸಿಹಿಯೆನ್ನಿಸುವ, ಬಿಸಿ ಆವಿಯ ಜೊತೆ ಬರುವ ವಾಸನೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲಿನದು. ಬಾನೆಟ್ ಎತ್ತಿದಾಗ ಈ ವಾಸನೆ ಇದ್ದರೆ ಹೋಸ್ ಪೈಪಿನ ಕ್ಲಿಪ್ಪುಗಳ ಸುತ್ತ, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಮತ್ತು ಅಲ್ಯೂಮಿನಿಯಂ ಕೂಡುವ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗೆ ಹಸಿರು ಅಥವಾ ಬಿಳಿ ಪುಡಿಯ ಕಲೆಯನ್ನು ಹುಡುಕಬೇಕು. ಕಾರಿನ ಒಳಗೆ ಈ ವಾಸನೆ ಬಂದು, ಗಾಜಿಗೆ ಜಿಡ್ಡಿನ ಮಂಜು ಹಿಡಿದು, ಮುಂದಿನ ಕಾರ್ಪೆಟ್ ಒದ್ದೆಯಾಗಿದ್ದರೆ ಹೀಟರಿನ ಸಣ್ಣ ರೇಡಿಯೇಟರ್ ಸೋರುತ್ತಿದೆ. ನೆಲಕ್ಕೆ ಬಿದ್ದ ಕೂಲೆಂಟನ್ನು ನೀರು ಹೊಯ್ದು ತೊಳೆಯುವುದು ಒಳ್ಳೆಯದು: ಸಿಹಿಯೆಂದು ಬೀದಿನಾಯಿಗಳು ನೆಕ್ಕುತ್ತವೆ, ಅದು ಅವುಗಳಿಗೆ ಮಾರಕ ವಿಷ.

ಇನ್ನು ಬಿಸಿಯ ವಿಚಾರ. ಮುಳ್ಳು ಕೆಂಪಿಗೆ ತಲುಪಿದರೆ ಮೊದಲು ಎಸಿ ಆರಿಸಿ, ಹೀಟರನ್ನು ಪೂರ್ತಿ ತೆರೆದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ ಆದ್ದರಿಂದ ಸ್ವಲ್ಪ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಬಿಸಿಯಿರುವ ರೇಡಿಯೇಟರಿನ ಕ್ಯಾಪನ್ನು ತೆರೆಯುವವರ ಮುಖ, ಕೈ ಬೇಯುತ್ತವೆ. ಮೇಲಿನ ಹೋಸ್ ಪೈಪು ಒತ್ತಿದರೆ ಮೆತ್ತಗಾಗುವವರೆಗೆ, ಅಂದರೆ ಕನಿಷ್ಠ ಅರ್ಧ ಗಂಟೆ, ಕಾಯಲೇಬೇಕು. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿದರೆ ಅದರ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಬಿರಿಯಬಹುದು. ಕಾರು ಆರಿಸಿದ್ದರೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗಬಲ್ಲದಾದ್ದರಿಂದ ಅದರ ಬಳಿ ಕೈ ಇಡಬಾರದು.

ಇಲ್ಲಿಯೂ ಪತ್ತೆಯ ಕೀಲಿ ಒಂದು ಪ್ರಶ್ನೆಯಲ್ಲಿದೆ: ನಿಂತಾಗ ಬಿಸಿಯಾಗುತ್ತದೆಯೋ, ಓಡುವಾಗಲೋ? ಟ್ರಾಫಿಕ್ಕಿನಲ್ಲಿ ಏರಿದ ಮುಳ್ಳು ನೈಸ್ ರಸ್ತೆಗೆ ಬಂದೊಡನೆ ಇಳಿದರೆ ನೀರು ಹರಿಯುತ್ತಿದೆ, ರೇಡಿಯೇಟರ್ ತಕ್ಕಮಟ್ಟಿಗೆ ಸರಿಯಿದೆ, ಗಾಳಿ ಮಾತ್ರ ಸಾಲದು ಎಂದರ್ಥ. ಅಂದರೆ ಸಂಶಯ ಫ್ಯಾನಿನ ಮೇಲೆ. ಎಸಿ ಹಾಕಿದಾಗ ರೇಡಿಯೇಟರ್ ಫ್ಯಾನ್ ತಿರುಗುವಂತಿರುವ ಕಾರುಗಳಲ್ಲಿ ಎಸಿ ಹಾಕಿ ನೋಡುವುದೇ ಮೊದಲ ಪರೀಕ್ಷೆ. ತಿರುಗಿದರೆ ಮೋಟಾರು ಚೆನ್ನಾಗಿದೆ. ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಬಿಸಿ ಏರಿದಾಗ ಫ್ಯಾನನ್ನು ಶುರುಮಾಡುವ ಥರ್ಮೋ ಸ್ವಿಚ್ಚಿಗೆ ಸಾಮಾನ್ಯವಾಗಿ ಎರಡೇ ವೈರು. ಸಾಕೆಟ್ ಕಿತ್ತು ಆ ಎರಡನ್ನು ಇಗ್ನಿಷನ್ ಹಾಕಿ ಕೂಡಿಸಿದಾಗ ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ, ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರುಗಳನ್ನು ಈ ಕ್ರಮದಲ್ಲೇ ನೋಡಬೇಕು. ಫ್ಯಾನ್ ಸರಿಯಿದ್ದೂ ಬಿಸಿಯಾದರೆ ಎಸಿಯ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಬೇಕು. ಮೆಟ್ರೋ ಕಾಮಗಾರಿಯ ಧೂಳು, ಎಲೆ, ಸತ್ತ ಹುಳುಗಳು ಅಲ್ಲಿ ಕಂಬಳಿಯಾಗಿ ಕೂತಿರುತ್ತವೆ. ಮೆಲ್ಲಗೆ, ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಬೇಕು.

ಈ ಹಂತದಲ್ಲಿ ಹಲವು ಗ್ಯಾರೇಜುಗಳಲ್ಲಿ ಒಂದು ಸಲಹೆ ಬರುತ್ತದೆ: “ಸಾರ್, ಫ್ಯಾನ್ ಡೈರೆಕ್ಟ್ ಮಾಡಿಬಿಡ್ತೀನಿ, ತಲೆನೋವೇ ಇರಲ್ಲ.” ಸ್ವಿಚ್ಚನ್ನು ಬಿಟ್ಟು, ಕೀ ತಿರುಗಿಸಿದೊಡನೆ ಫ್ಯಾನ್ ಸದಾ ಓಡುವಂತೆ ವೈರು ಎಳೆಯುವುದು ಇದರ ತಾತ್ಪರ್ಯ. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲು ಇದು ಸರಿ. ವರ್ಷಗಟ್ಟಲೆ ಹಾಗೇ ಬಿಡುವುದನ್ನು ನಾನು ಒಪ್ಪುವುದಿಲ್ಲ. 10 ಆಂಪಿಯರ್ ಆಸುಪಾಸು ಎಳೆಯುವ ಮೋಟಾರಿಗೆ ಫ್ಯೂಸೂ ರಿಲೇಯೂ ಇಲ್ಲದ ತೆಳು ವೈರು ಹಾಕಿ, ಇಗ್ನಿಷನ್ ಸ್ವಿಚ್ಚಿನ ಮೂಲಕವೇ ಅದನ್ನು ಓಡಿಸಿದರೆ, ಬಿಸಿಯ ದೂರು ಹೋಗಿ ಕೆಲವು ತಿಂಗಳಲ್ಲಿ ಸ್ಟಿಯರಿಂಗ್ ಕೆಳಗಿನ ಸುಟ್ಟ ವಾಸನೆಯ ದೂರು ಶುರುವಾಗುತ್ತದೆ. ಹಿಂದೆ ಯಾರೋ ‘ಡೈರೆಕ್ಟ್’ ಮಾಡಿದ್ದಾರೆಯೇ ಎಂಬುದನ್ನು ಹಳೆಯ ಕಾರು ಕೊಳ್ಳುವವರು ಮೊದಲೇ ಪರೀಕ್ಷಿಸಬೇಕು: ತಣ್ಣಗಿರುವ ಇಂಜಿನ್ನಿನಲ್ಲಿ, ಎಸಿ ಹಾಕದೆ, ಕೀ ತಿರುಗಿಸಿದ ಕೂಡಲೇ ಫ್ಯಾನ್ ತಿರುಗಿದರೆ ಸಂಶಯ ಪಡಬೇಕು.

ಇದೇ ಜಾತಿಯ ಇನ್ನೊಂದು ಸಲಹೆ ಥರ್ಮೋಸ್ಟ್ಯಾಟ್ ವಾಲ್ವನ್ನು ತೆಗೆದು ಎಸೆಯುವುದು. ಬಹುತೇಕ ಕಾರುಗಳಲ್ಲಿ ಅದು 82ರಿಂದ 88 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳುತ್ತದೆ; ಅಲ್ಲಿಯವರೆಗೆ ನೀರನ್ನು ಇಂಜಿನ್ನಿನಲ್ಲೇ ಸುತ್ತಾಡಿಸಿ ಬೇಗ ಕಾಯಿಸುತ್ತದೆ. ತೆಗೆದುಹಾಕಿದರೆ ಡಿಸೆಂಬರಿನ ಬೆಳಗ್ಗೆ ಇಂಜಿನ್ ಕಾಯುವುದೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಲವು ವಿನ್ಯಾಸಗಳಲ್ಲಿ ಬೈಪಾಸ್ ದಾರಿ ತೆರೆದೇ ಉಳಿದು ನೀರು ರೇಡಿಯೇಟರಿಗೆ ಹೋಗದೆ ಬಿಸಿ ಹೆಚ್ಚುವುದೂ ಉಂಟು. ವಾಲ್ವ್ ಕೆಟ್ಟಿದೆಯೇ ಎಂದು ತಿಳಿಯಲು ಅದನ್ನು ದಾರಕ್ಕೆ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದರೆ ಸಾಕು. ಕುದಿ ಬರುವ ಮುನ್ನವೇ ಅದು ಬಾಯಿ ತೆರೆಯಬೇಕು.

ಆ ಕುದಿಯ ಬಿಂದುವೂ ನಮ್ಮ ಊರಿನಲ್ಲಿ ಸ್ವಲ್ಪ ಕೆಳಗಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗು ಪ್ರೆಶರ್ ಕುಕ್ಕರಿನ ವೆಯ್ಟಿನಂತೆ ಕೆಲಸ ಮಾಡಿ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಕ್ಯಾಪಿನ ಮೇಲೆ 0.9 ಎಂದು ಅಚ್ಚಾಗಿದ್ದರೆ ಅದು ಸುಮಾರು 0.9 ಬಾರ್ ಒತ್ತಡದವರೆಗೆ ತಡೆಯುತ್ತದೆ, ಬರಿಯ ನೀರಿನ ಕುದಿಯೂ 117 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಕ್ಯಾಪಿನ ರಬ್ಬರ್ ಬಿರಿದು ಒತ್ತಡ ಸೋರಿದರೆ ಮತ್ತೆ 97. ಅನೇಕ ಕಾರುಗಳಲ್ಲಿ ಫ್ಯಾನ್ ಶುರುವಾಗುವುದೇ 90 ದಾಟಿದ ಮೇಲೆ. ಹೀಗಾಗಿ ಫ್ಯಾನ್ ತಿರುಗುವ ಹೊತ್ತಿಗೆ ನೀರು ಕುದಿದು ರಿಸರ್ವ್ ಬಾಟಲಿಯಿಂದ ಉಕ್ಕುತ್ತಿರುತ್ತದೆ. ಜೆ.ಸಿ. ರಸ್ತೆಯ ಯಾವುದೇ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕ್ಯಾಪನ್ನು ಮರೆತು ರೇಡಿಯೇಟರನ್ನೇ ಬದಲಿಸಿದವರು ಎಷ್ಟೋ ಜನ. ಇಂಜಿನ್ ತಣ್ಣಗಾಗುವಾಗ ಬಾಟಲಿಯ ನೀರನ್ನು ಒಳಗೆ ಬಿಡುವ, ಹಿಮ್ಮುಖದ ಒಂದು ಸಣ್ಣ ವಾಲ್ವೂ ಕ್ಯಾಪಿನಲ್ಲಿದೆ. ಬೆಳಗ್ಗೆ ತಣ್ಣಗಿರುವಾಗ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿ ಸೊರಗಿದ್ದರೆ ಆ ವಾಲ್ವ್ ಅಂಟಿಕೊಂಡಿದೆ.

ಒಳಗೆ ಏನು ತುಂಬಿಸಿದ್ದೇವೆ ಎಂಬುದೂ ಅಷ್ಟೇ ಮುಖ್ಯ. ನಗರದ ಬಹಳಷ್ಟು ಮನೆಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ಆ ನೀರೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಪದರ ಕಟ್ಟುತ್ತದೆ. ಕೂಲೆಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಬೆರೆಸಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ತುಕ್ಕಿನ ಬಣ್ಣದ ನೀರು ಕಂಡರೆ ಹೆದ್ದಾರಿಯ ಬಿಸಿಗೆ ಕಾರಣ ಕೈಗೆ ಸಿಕ್ಕಂತೆ: ನಿಂತಾಗ ಸುಮ್ಮನಿದ್ದು, ತುಮಕೂರು ರಸ್ತೆಯಲ್ಲಿ 80ರ ವೇಗದಲ್ಲಿ ಮುಳ್ಳು ಏರುವುದಾದರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ರೆಕ್ಕೆ ಸವೆದಿರಬಹುದು, ಇಲ್ಲವೇ ಕೆಳಗಿನ ಹೋಸ್ ಪೈಪು ಪಂಪಿನ ಎಳೆತಕ್ಕೆ ಒಳಸೇದಿಕೊಳ್ಳುತ್ತಿರಬಹುದು.

ಮುಳ್ಳನ್ನೂ ಕುರುಡಾಗಿ ನಂಬಬಾರದು. ಅದರ ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿ ಹೇಳುತ್ತದೆ. ನೀರೆಲ್ಲ ಸೋರಿ ಬರಿಯ ಆವಿ ಉಳಿದಾಗ, ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ ಮುಳ್ಳು ಕಾರಣವಿಲ್ಲದೆ ದಿಢೀರನೆ ಬಿದ್ದು, ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಅದನ್ನು ಶುಭಸೂಚನೆಯೆಂದು ತಿಳಿದು ಮುಂದೆ ಓಡಿಸಿದವರ ಇಂಜಿನ್ ಒಳಗೇ ಕಚ್ಚಿಕೊಂಡು ಸೀಜ್ ಆಗುತ್ತದೆ. ಮುಳ್ಳಿಲ್ಲದೆ ಕೆಂಪು ದೀಪವಷ್ಟೇ ಇರುವ ಕಾರಿನಲ್ಲಿ ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಕೊಟ್ಟಿರುವ ಓಬಿಡಿ ಸಾಕೆಟ್ ಇದ್ದರೆ, ಅಗ್ಗದ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಮೊಬೈಲಿನಲ್ಲಿ ಡಿಗ್ರಿಯ ಲೆಕ್ಕವನ್ನೇ ಓದಬಹುದು.

ಹೊರಗೆ ಎಲ್ಲಿಯೂ ಸೋರಿಕೆ ಕಾಣದೆ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಉಳಿಯುವುದು ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗ್. ತಣ್ಣಗಿರುವಾಗ ಕ್ಯಾಪ್ ತೆರೆದು ಇಂಜಿನ್ ಶುರುಮಾಡಿದರೆ ನೀರಿನಲ್ಲಿ ಬಿಡದೆ ಗುಳ್ಳೆಗಳೇಳುವುದು, ಶುರುವಾದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುವುದು ಇದರ ಗುರುತುಗಳು. ಆಯಿಲ್ ಕ್ಯಾಪಿನ ಅಡಿಯಲ್ಲಿ ಹಾಲುಬಣ್ಣದ ನೊರೆ ಕಂಡ ಮಾತ್ರಕ್ಕೆ ತೀರ್ಮಾನಿಸಬಾರದು; ಹತ್ತಿರದ ಓಡಾಟಕ್ಕಷ್ಟೇ ಬಳಸುವ ಕಾರುಗಳಲ್ಲಿ ಮಳೆಗಾಲದ ತೇವಕ್ಕೂ ಅದು ಕೂರುತ್ತದೆ. ರೇಡಿಯೇಟರಿನ ಬಾಯಿಗಿಟ್ಟಾಗ ಇಂಜಿನ್ನಿನ ಸುಟ್ಟ ಅನಿಲ ತಗುಲಿದರೆ ನೀಲಿಯಿಂದ ಹಳದಿಗೆ ತಿರುಗುವ ದ್ರವದ ಪರೀಕ್ಷೆ ಅಥವಾ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಹೆಡ್ ಇಳಿಸಲು ಒಪ್ಪಬಾರದು. ಇಳಿಸಿದ ಮೇಲೆ ಮಾತ್ರ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಡುವಂತಿಲ್ಲ. ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿಯಿಟ್ಟು ಬಾಗಿದೆಯೇ ನೋಡಿ, ಬಾಗಿದ್ದರೆ ಅದರ ಮೈಯನ್ನು ಮಟ್ಟಸ ಮಾಡುವ ಫೇಸಿಂಗ್ ಮಾಡಿಸಲೇಬೇಕು. ಗ್ಯಾಸ್ಕೆಟ್ ಹೋಗಲು ಮೂಲ ಕಾರಣವಾದ ಫ್ಯಾನನ್ನೋ ಕ್ಯಾಪನ್ನೋ ಆಗಲೇ ಸರಿಪಡಿಸದಿದ್ದರೆ ಹೊಸ ಗ್ಯಾಸ್ಕೆಟ್ಟಿಗೂ ಅದೇ ಗತಿ.

ರಿಪೇರಿಯ ನಂತರ ಕೂಲೆಂಟ್ ತುಂಬುವಾಗ ಹೀಟರ್ ತೆರೆದಿಟ್ಟು, ಕ್ಯಾಪ್ ಹಾಕದೆ, ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಇಂಜಿನ್ ಓಡಿಸಿ ಒಳಗಿನ ಗಾಳಿಯನ್ನು ಹೊರಹಾಕಬೇಕು. ಮುಂದಿನ ಕೆಲವು ಬೆಳಗ್ಗೆ ತಣ್ಣಗಿರುವಾಗ ರಿಸರ್ವ್ ಬಾಟಲಿಯ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು ಹೋಲಿಸಬೇಕು. ಆಯಿಲ್ ಸೋರಿಕೆ ಸರಿಪಡಿಸಿದ ಕಾರಿನಲ್ಲಿ ಮ್ಯಾನಿಫೋಲ್ಡಿನ ಮೇಲೆ ಉಳಿದ ಹಳೆಯ ಆಯಿಲ್ ಸುಟ್ಟು ಮುಗಿಯುವವರೆಗೆ ವಾಸನೆ ಬರುತ್ತಲೇ ಇರುತ್ತದೆ. ಕೆಲಸ ಕೆಟ್ಟಿದೆಯೆಂದು ಗ್ಯಾರೇಜಿನವರ ಮೇಲೆ ರೇಗುವ ಮೊದಲು ತಣ್ಣಗಿರುವಾಗ ಅದನ್ನು ಒರೆಸಿ ಶುಚಿ ಮಾಡಿಸಿ, ಕೆಲವು ದಿನ ಓಡಿಸಿ, ಬಿಳಿ ಬಟ್ಟೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಬೇಕು.